ಸಾರ್ವಜನಿಕ ಗಣಕದ ಕೀಲಿ ಯಾರ ಕೈಯಲ್ಲಿರಬೇಕು?

(ಗ್ರಾಮೀಣ ಗ್ರಂಥಾಲಯಗಳ ಕಾರ್ಯಕರ್ತರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಎಂಬ ತನ್ನ ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಸುಮಾರು 2018ರಿಂದ ಈಚೆಗಿನ ಸಂಸ್ಕಾರಕವೂ ಬೇಕು. ಇವೆರಡೂ ಇಲ್ಲದ ಅಸಂಖ್ಯ ಗಣಕಯಂತ್ರಗಳು, ಒಂದು ಬಿಡಿಭಾಗವೂ ಕೆಟ್ಟಿಲ್ಲದಿದ್ದರೂ, ಹಳೆಯವೆಂಬ ಹಣೆಪಟ್ಟಿಯನ್ನು ಹೊತ್ತವು. ರಾಜಾಜಿನಗರದ ಕೈಗಾರಿಕಾ ವಸಾಹತಿನ ಕಚೇರಿಯಿರಲಿ, ಬಸವೇಶ್ವರನಗರದ ಮನೆಯಿರಲಿ, ಕೆಂಗೇರಿಯ ಆಚೆಗಿನ ಕಾಲೇಜಿರಲಿ, ಇಂತಹ ಯಂತ್ರಗಳ ಮುಂದೆ ಇರುವ ಹಾದಿಗಳು ಎರಡೇ. ಒಂದು ಗುಜರಿಯದು, ಇನ್ನೊಂದು ಮರುಬಳಕೆಯದು.

ಗಣಕವೊಂದರ ಹಿಂದೆ ಭೂಮಿ ತೆರುವ ಬೆಲೆ ಸಣ್ಣದಲ್ಲ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಅಂದಿನ ಒಂದು ಮೇಜುಗಣಕ ಮತ್ತು ಅದರ 17 ಅಂಗುಲದ ಪರದೆಯ ತಯಾರಿಕೆಗೆ ಕನಿಷ್ಠ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ ಮತ್ತು 1,500 ಕಿಲೋ ನೀರು ವ್ಯಯವಾಗುತ್ತಿತ್ತು. ಇಷ್ಟೆಲ್ಲವನ್ನೂ ನುಂಗಿ ಹುಟ್ಟಿದ ಯಂತ್ರವು ಐದಾರು ವರ್ಷಗಳಲ್ಲಿ ಬೀದಿಗೆ ಬಿದ್ದರೆ ಅದರೊಳಗಿನ ಸೀಸ ಮೊದಲಾದ ವಿಷಲೋಹಗಳು ಮಣ್ಣು ನೀರುಗಳನ್ನು ಸೇರುತ್ತವೆ. ಇ-ತ್ಯಾಜ್ಯವನ್ನು ಶಾಸ್ತ್ರೀಯವಾಗಿ ಬಿಡಿಸುವ ಇ-ಪರಿಸರ ಎಂಬ ಘಟಕವು 2005ರಲ್ಲಿ ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ ಆರಂಭವಾಯಿತು. ಇ-ತ್ಯಾಜ್ಯದ ನಿಯಮಗಳು 2012ರ ಮೇ ತಿಂಗಳಿನಿಂದ ಜಾರಿಗೆ ಬಂದವು. ಇವೆರಡೂ ಅಗತ್ಯವೇ. ಆದರೆ ಬಿಡಿಸುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಯಂತ್ರವನ್ನು ಅದರ ಪೂರ್ಣಾಯುಷ್ಯದವರೆಗೆ ದುಡಿಸಿಕೊಳ್ಳಬೇಕು.

ನಗರವು ಕೈಬಿಟ್ಟ ಈ ಯಂತ್ರಗಳಲ್ಲಿ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಅಳವಡಿಸಿ, ಮಲೆನಾಡಿನ ಹಳ್ಳಿಗಳಲ್ಲಿ ಎಲ್ಲರಿಗೂ ತೆರೆದ ಅಂತರಜಾಲ ಕೇಂದ್ರಗಳನ್ನು ನಡೆಸುವ ಬಗೆ ಹೇಗೆ ಎಂಬುದು ಇಂದಿನ ವಿಷಯ. ಇದರಲ್ಲಿ ತಂತ್ರಾಂಶವನ್ನು ಅಳವಡಿಸುವುದು ಒಂದು ದಿನದ ಕೆಲಸ. ಯಂತ್ರದ ದುರಸ್ತಿ ಮತ್ತು ಅದರ ಕೀಲಿ ಊರಿನ ಕೈಯಲ್ಲೇ ಉಳಿಯುವಂತೆ ಮಾಡುವುದು ವರ್ಷಗಳ ಕೆಲಸ. ಎರಡನೆಯದು ಆಗದಿದ್ದರೆ ಮೊದಲನೆಯದು ವ್ಯರ್ಥ.

ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವಾಗ ಗಣಕ ಏತಕ್ಕೆ ಎಂಬ ಪ್ರಶ್ನೆ ಸಹಜ. ಸುದ್ದಿ ನೋಡಲು, ಮಾತನಾಡಲು, ಹಣ ಕಳುಹಿಸಲು ಮೊಬೈಲ್ ಸಾಕು. ಆದರೆ ಒಂದು ಉದಾಹರಣೆಯನ್ನು ಗಮನಿಸಬೇಕು. ಪಶ್ಚಿಮ ಘಟ್ಟಗಳ ಪರಿಸರಸೂಕ್ಷ್ಮ ಪ್ರದೇಶದ ಕುರಿತು ಕೇಂದ್ರ ಸರ್ಕಾರವು 2014ರ ಮಾರ್ಚ್‌ನಿಂದ 2024ರ ಜುಲೈವರೆಗೆ ಆರು ಕರಡು ಅಧಿಸೂಚನೆಗಳನ್ನು ಹೊರಡಿಸಿತು. ಪ್ರತಿ ಬಾರಿಯೂ ಆಕ್ಷೇಪಣೆ ಸಲ್ಲಿಸಲು ದೊರೆತ ಅವಧಿ 60 ದಿನ. ಯಾವ ತಾಲ್ಲೂಕಿನ ಯಾವ ಹಳ್ಳಿ ಪಟ್ಟಿಯಲ್ಲಿದೆ ಎಂಬುದನ್ನು ತಿಳಿಯಲು ಹತ್ತಾರು ಪುಟಗಳ ಕಡತವನ್ನು ತೆರೆದು ಓದಬೇಕು, ನಕ್ಷೆ ನೋಡಬೇಕು, ಬಳಿಕ ಕಾರಣಸಹಿತವಾದ ಪತ್ರವನ್ನು ಬರೆದು ಕಳುಹಿಸಬೇಕು. ಅಧಿಸೂಚನೆಯನ್ನು ಒಪ್ಪುವವರಿಗೂ ವಿರೋಧಿಸುವವರಿಗೂ ಈ ಓದು ಅನಿವಾರ್ಯ. ಅಂಗೈಯಗಲದ ಪರದೆಯ ಮೇಲೆ ಇದು ಸಾಧ್ಯವಾಗದ ಮಾತು. ಓದದೆ ಇದ್ದವರಿಗೆ ಬೇರೆಯವರು ಹೇಳಿದ್ದೇ ಸತ್ಯವಾಗುತ್ತದೆ.

ವಿದ್ಯಾರ್ಥಿಗಳ ಮಟ್ಟಿಗಂತೂ ಈ ಕೊರತೆ ಇನ್ನಷ್ಟು ತೀವ್ರ. ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ಮಲೆನಾಡಿನ ಅನೇಕ ಯುವಕ ಯುವತಿಯರು ಬೆಂಗಳೂರಿನ ವಿಜಯನಗರ, ಚಂದ್ರಾ ಬಡಾವಣೆಗಳ ತರಬೇತಿ ಕೇಂದ್ರಗಳನ್ನು ಅರಸಿ ಬರುತ್ತಾರೆ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಓದುತ್ತಾರೆ. ಅರ್ಜಿ ತುಂಬಲು ಮಾತ್ರ ಸೈಬರ್ ಕೇಂದ್ರದ ಸರದಿಯಲ್ಲಿ ನಿಲ್ಲುತ್ತಾರೆ. ಅಲ್ಲಿನ ಗಣಕದಲ್ಲಿ ಅವರ ಅಂಕಪಟ್ಟಿ, ಆಧಾರ್ ಪ್ರತಿ, ಭಾವಚಿತ್ರ, ಸಹಿ ಎಲ್ಲವೂ ಉಳಿದುಬಿಡುವ ಸಂಭವವಿದೆ. ಮುಂದೆ ಕುಳಿತವರಿಗೆ ಅವು ತೆರೆದಿಟ್ಟ ಪುಸ್ತಕ. ಸಾರ್ವಜನಿಕ ಗಣಕವೆಂದರೆ ಎಲ್ಲರೂ ಬಳಸಬಹುದಾದ ಯಂತ್ರ. ಒಬ್ಬರ ಗುಟ್ಟು ಎಲ್ಲರಿಗೂ ಸಿಗುವ ಯಂತ್ರವಲ್ಲ. ಈ ವ್ಯತ್ಯಾಸವನ್ನು ಕೇಂದ್ರ ಕಟ್ಟುವವರು ಮೊದಲ ದಿನದಿಂದಲೇ ಮನಗಾಣಬೇಕು.

ಲಿನಕ್ಸ್ ಎಂದರೇನು? 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ ಗ್ನೂ ಯೋಜನೆ ಮತ್ತು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ತಿರುಳು ತಂತ್ರಾಂಶ, ಇವೆರಡರ ಸಂಗಮದಿಂದ ಹುಟ್ಟಿದ ಕಾರ್ಯಾಚರಣ ವ್ಯವಸ್ಥೆ ಅದು. ಅದನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ನಕಲು ಮಾಡಿ ನೆರೆಯವರಿಗೆ ಹಂಚಬಹುದು. ಬಿತ್ತನೆಯ ಬೀಜವನ್ನು ಕಾಪಿಟ್ಟು ಮುಂದಿನ ವರ್ಷ ನೆರೆಮನೆಗೂ ಕೊಡುವ ರೈತರಿಗೆ ಈ ತತ್ತ್ವವನ್ನು ಹೆಚ್ಚು ವಿವರಿಸಬೇಕಿಲ್ಲ.

ಇಂತಹ ಪ್ರಯತ್ನಗಳು ಕನ್ನಡನಾಡಿಗೆ ಹೊಸವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಕೈಗಣಕದ ಮಾದರಿಯನ್ನು ತೋರಿಸಿದರು. ಅದು ಲಿನಕ್ಸ್ ಆಧಾರಿತ. ಬಡವರು ತಲೆಗೊಂದು ಯಂತ್ರವನ್ನು ಕೊಳ್ಳಲಾರರು. ಆದ್ದರಿಂದ ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳಲಿ, ಪ್ರತಿಯೊಬ್ಬರ ಮಾಹಿತಿ ಮಾತ್ರ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಅವರ ಬಳಿಯೇ ಇರಲಿ ಎಂಬುದು ಅದರ ಹಿಂದಿನ ಚಿಂತನೆ. 2004ರಲ್ಲಿ ಮಾರುಕಟ್ಟೆಗೆ ಬಂದರೂ ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ಯಂತ್ರ ಎಲ್ಲರದು, ಮಾಹಿತಿ ಅವರವರದು ಎಂಬ ಆ ನಿಯಮ ಇಂದಿಗೂ ಅನುಕರಣೀಯ.

ಎರಡನೆಯ ನಿದರ್ಶನ ಬೆಂಗಳೂರಿನ ದಕ್ಷಿಣ ಭಾಗದ್ದು. ಗುರಪ್ಪನಪಾಳ್ಯದ ಸುದರ್ಶನ ಬಡಾವಣೆ ಎಂಬ ಕೊಳೆಗೇರಿಯಲ್ಲಿ 2008ರ ಸುಮಾರಿಗೆ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರ ತಲೆಯೆತ್ತಿತು. ಮುಕ್ತ ತಂತ್ರಾಂಶದ ಕಾರ್ಯಕರ್ತರು ಸ್ಥಳೀಯರೊಡಗೂಡಿ, ದಾನವಾಗಿ ಬಂದ ಹಳೆಯ ಯಂತ್ರಗಳಲ್ಲಿ ಗ್ನೂ ಲಿನಕ್ಸ್ ಅಳವಡಿಸಿದರು. ಅಲ್ಲಿನ ಮಕ್ಕಳು ಗಿಂಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಚಿತ್ರ ಬರೆಯುವುದನ್ನು ಕಲಿತರು. ಆ ಚಿತ್ರಗಳು ಊರಿನ ಗಮನ ಸೆಳೆದವು. ಅಲ್ಲಿ ಯಂತ್ರಗಳಿಗಿಂತ ಹೆಚ್ಚಾಗಿ ಫಲ ನೀಡಿದ್ದು ಕಾರ್ಯಕರ್ತರು ಬಿಡುವಿನ ದಿನಗಳಲ್ಲಿ ಮಕ್ಕಳ ಪಕ್ಕದಲ್ಲಿ ಕುಳಿತು ಕಲಿಸಿದ ಶ್ರಮ.

ಮೂರನೆಯದು ಗಡಿಯಾಚೆಗಿನ ಕನ್ನಡ ನೆಲವಾದ ಕಾಸರಗೋಡಿನದು. ಕೇರಳ ಸರ್ಕಾರವು ಈ ಶತಮಾನದ ಆರಂಭದಲ್ಲಿ ಐಟಿ@ಸ್ಕೂಲ್ ಯೋಜನೆಯನ್ನು ಕೈಗೊಂಡು, ಕೆಲವೇ ವರ್ಷಗಳಲ್ಲಿ ಶಾಲೆಗಳ ಗಣಕಗಳನ್ನು ಸಂಪೂರ್ಣವಾಗಿ ಮುಕ್ತ ತಂತ್ರಾಂಶಕ್ಕೆ ಬದಲಾಯಿಸಿತು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕ ವಿಷಯದ ಪಠ್ಯಪುಸ್ತಕವೂ ಕನ್ನಡದಲ್ಲಿಯೇ ಬಂದಿತು. ಅಲ್ಲಿ ಗಣಕ ಕಲಿಸಿದವರು ಆಯಾ ಶಾಲೆಯ ಶಿಕ್ಷಕರೇ. ಇದೇ ಕಾಲದಲ್ಲಿ ಕರ್ನಾಟಕದ ಅನೇಕ ಸರ್ಕಾರಿ ಶಾಲೆಗಳಲ್ಲಿ ಗಣಕ ಶಿಕ್ಷಣವನ್ನು ಕೆಲವು ವರ್ಷಗಳ ಅವಧಿಗೆ ಖಾಸಗಿ ಗುತ್ತಿಗೆಗೆ ಒಪ್ಪಿಸಲಾಯಿತು. ಹೊರಗಿನವರು ಕಲಿಸುವ ವ್ಯವಸ್ಥೆಯಲ್ಲಿ ಗುತ್ತಿಗೆ ಮುಗಿದ ಬಳಿಕ ಯಂತ್ರ ಉಳಿಯುತ್ತದೆ, ತಿಳಿವಳಿಕೆ ಉಳಿಯುವುದಿಲ್ಲ. 2011ರಿಂದೀಚೆಗೆ ಐಟಿ ಫಾರ್ ಚೇಂಜ್ ಸಂಸ್ಥೆಯು ಕರ್ನಾಟಕದ ಶಿಕ್ಷಣ ಇಲಾಖೆಯೊಡನೆ ಸೇರಿ, ಲಿನಕ್ಸ್ ಬಳಸಿ ಸ್ವತಃ ಪಾಠ ರೂಪಿಸುವ ತರಬೇತಿಯನ್ನು ವಿಷಯ ಶಿಕ್ಷಕರಿಗೆ ನೀಡಿದ್ದು ಈ ಕೊರತೆಯನ್ನು ತುಂಬುವ ದಿಕ್ಕಿನ ಹೆಜ್ಜೆ.

ಹೊರದೇಶದ ಒಂದು ಮಾತನ್ನೂ ಹೇಳಬಹುದು. ಸ್ಪೇನ್ ದೇಶದ ಎಕ್ಸ್‌ಟ್ರೆಮದುರ ಎಂಬ ಬಡ ಕೃಷಿಪ್ರಾಂತವು 2002ರಲ್ಲಿ ಲಿನೆಕ್ಸ್ ಎಂಬ ತನ್ನದೇ ಲಿನಕ್ಸ್ ಆವೃತ್ತಿಯನ್ನು ಸಿದ್ಧಪಡಿಸಿತು. ಅದರ ಲಾಂಛನ ಅಲ್ಲಿನ ಕೊಕ್ಕರೆ. ಚಿತ್ರ ಬರೆಯುವ ತಂತ್ರಾಂಶಕ್ಕೆ ಆ ಪ್ರಾಂತದ ಹಳೆಯ ಚಿತ್ರಕಾರ ಥುರ್ಬರಾನ್ ಅವರ ಹೆಸರನ್ನಿಟ್ಟರು. ಮುಂದೆ ಆ ಆವೃತ್ತಿ ನಿಂತುಹೋಯಿತು. ಆದರೆ ಯಂತ್ರ ತಮ್ಮದೆಂದು ಜನರಿಗೆ ಅನ್ನಿಸಬೇಕಾದರೆ ಅದು ತಮ್ಮ ನುಡಿಯಲ್ಲಿ, ತಮ್ಮ ಹೆಸರುಗಳಲ್ಲಿ ಮಾತನಾಡಬೇಕು ಎಂಬುದನ್ನು ಅದು ತೋರಿಸಿಕೊಟ್ಟಿತು.

ಇನ್ನು ಕೇಂದ್ರವನ್ನು ಸಜ್ಜುಗೊಳಿಸುವ ಕ್ರಮ. ಹಳೆಯ ಗಣಕವನ್ನು ಒಪ್ಪಿಕೊಳ್ಳುವ ಮುನ್ನ ಮೂರು ಸಂಗತಿಗಳನ್ನು ನೋಡಬೇಕು: ಸಂಸ್ಕಾರಕವು 64 ಬಿಟ್‌ನದಾಗಿರಬೇಕು, ಸ್ಮೃತಿ ಕನಿಷ್ಠ 4 ಜಿಬಿ ಇರಬೇಕು, ಪರದೆ ಚಪ್ಪಟೆಯದಾಗಿರಬೇಕು. ಹಳೆಯ ಡಬ್ಬಿ ಪರದೆಗಳು ವಿದ್ಯುತ್ತನ್ನು ಹೆಚ್ಚು ಬೇಡುತ್ತವೆ, ಒಂದೊಂದರ ಗಾಜಿನಲ್ಲಿ ಕಿಲೋಗಟ್ಟಲೆ ಸೀಸವಿರುತ್ತದೆ. ಅವನ್ನು ಹಳ್ಳಿಗೆ ತರುವುದೆಂದರೆ ನಗರದ ಕಸವನ್ನು ಘಟ್ಟ ಹತ್ತಿಸಿದಂತೆ. 32 ಬಿಟ್‌ನ ಯಂತ್ರಗಳ ಕಾಲವೂ ಮುಗಿಯುತ್ತಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ನ್ನು ಅಂತಹ ಯಂತ್ರಗಳಲ್ಲಿ ಹೊಸದಾಗಿ ಅಳವಡಿಸಲಾಗದು. ದಾನ ಕೊಡುವವರಿಗೆ ಬೇಡವೆನ್ನುವ ಧೈರ್ಯವೂ ಕೇಂದ್ರಕ್ಕೆ ಇರಬೇಕು.

ಯಂತ್ರ ಬಂದೊಡನೆ ಧೂಳು ತೆಗೆದು, ಗಡಿಯಾರದ ಪುಟ್ಟ ಬ್ಯಾಟರಿಯನ್ನು ಬದಲಿಸಿ, ತಿರುಗುವ ಹಾರ್ಡ್ ಡಿಸ್ಕಿನ ಜಾಗದಲ್ಲಿ ಸಣ್ಣದೊಂದು ಎಸ್‌ಎಸ್‌ಡಿ ಹಾಕಿದರೆ ಹತ್ತು ವರ್ಷದ ಗಣಕವೂ ಚುರುಕಾಗುತ್ತದೆ. ಹಳೆಯ ಡಿಸ್ಕಿನಲ್ಲಿ ದಾನಿಗಳ ಮಾಹಿತಿ ಉಳಿದಿರುವುದರಿಂದ ಅದನ್ನು ಪೂರ್ತಿಯಾಗಿ ಅಳಿಸಲೇಬೇಕು. ಆಮೇಲೆ ಡೆಬಿಯನ್ ಅಥವಾ ಲಿನಕ್ಸ್ ಮಿಂಟ್ ಆವೃತ್ತಿಯನ್ನು, ಹಗುರವಾದ ಎಕ್ಸ್‌ಎಫ್‌ಸಿಇ ಮೇಜುಪರದೆಯೊಡನೆ ಅಳವಡಿಸಬಹುದು. ಇಡೀ ಕೇಂದ್ರಕ್ಕೆ ಒಂದೇ ಆವೃತ್ತಿ ಇರುವುದು ಒಳಿತು. ಒಂದು ಯಂತ್ರದಲ್ಲಿ ಕಲಿತ ದುರಸ್ತಿ ಎಲ್ಲದಕ್ಕೂ ಅನ್ವಯಿಸುತ್ತದೆ. ಯಂತ್ರಗಳು ತೀರ ದುರ್ಬಲವಾಗಿದ್ದರೆ 1999ರಿಂದ ಬೆಳೆದುಬಂದಿರುವ ಎಲ್‌ಟಿಎಸ್‌ಪಿ ಎಂಬ ಕ್ರಮವಿದೆ. ಅದರಲ್ಲಿ ಬಲವಾದ ಒಂದು ಗಣಕವು ಯಜಮಾನನಾಗಿ, ಉಳಿದವು ಡಿಸ್ಕಿಲ್ಲದೆಯೇ ಅದರಿಂದ ಜಾಲದ ಮೂಲಕ ಚಾಲನೆಗೊಳ್ಳುತ್ತವೆ. ಆದರೆ ಯಜಮಾನ ಮಲಗಿದರೆ ಮನೆಯೆಲ್ಲ ಮಲಗುತ್ತದೆ ಎಂಬುದನ್ನು ಮರೆಯಬಾರದು.

ಪ್ರತಿಯೊಂದು ಯಂತ್ರದಲ್ಲಿ ಎರಡು ಬಾಗಿಲುಗಳಿರಬೇಕು. ಒಂದು ನಿರ್ವಾಹಕರದು, ಇನ್ನೊಂದು ಬಂದುಹೋಗುವವರದು. ಲಿನಕ್ಸ್ ಮಿಂಟ್‌ನಲ್ಲಿ ಅತಿಥಿ ಪ್ರವೇಶದ ಸೌಲಭ್ಯವಿದೆ. ಮೊದಲಿಗೆ ಅದು ಮುಚ್ಚಿರುತ್ತದೆ; ಪ್ರವೇಶ ಪರದೆಯ ಆಯ್ಕೆಗಳಲ್ಲಿ ಅದನ್ನು ತೆರೆಯಬೇಕು. ಅತಿಥಿಯಾಗಿ ಒಳಬಂದವರು ಇಳಿಸಿಕೊಂಡ ಕಡತ, ನೋಡಿದ ತಾಣ, ತೆರೆದ ಮಿಂಚಂಚೆ ಎಲ್ಲವೂ ಅವರು ಹೊರಹೋದ ಕ್ಷಣದಲ್ಲಿ ಅಳಿದುಹೋಗುತ್ತವೆ. ಬೇಕಾದದ್ದನ್ನು ಅವರು ತಮ್ಮ ಪೆನ್‌ಡ್ರೈವಿನಲ್ಲಿ ಒಯ್ಯಬೇಕು. ಬರೆದ ಅರ್ಜಿಯೂ ಇದರಿಂದ ಅಳಿಯಬಹುದಾದ್ದರಿಂದ, ಹೊರಹೋಗುವ ಮುನ್ನ ಉಳಿಸಿಕೊಳ್ಳಿರೆಂಬ ಸೂಚನೆಯನ್ನು ಪ್ರತಿ ಪರದೆಯ ಬದಿಯಲ್ಲಿ ದೊಡ್ಡಕ್ಷರಗಳಲ್ಲಿ ಅಂಟಿಸಬೇಕು.

ಕನ್ನಡದ ಏರ್ಪಾಡು ಮೂರನೆಯ ಮುಖ್ಯ ಕೆಲಸ. ಯೂನಿಕೋಡ್ ಅಕ್ಷರಶೈಲಿಗಳಾದ ಲೋಹಿತ್, ನೋಟೋ ಮುಂತಾದವು ಉಚಿತವಾಗಿ ದೊರೆಯುತ್ತವೆ. ನುಡಿಯಲ್ಲಿ ಬೆರಳೊತ್ತಿ ರೂಢಿಯಾದವರಿಗೆ ಅದೇ ಕೀಲಿಮಣೆಯ ವಿನ್ಯಾಸ ಲಿನಕ್ಸ್‌ನಲ್ಲಿಯೂ ಇದೆ. ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟ ಕಡತಗಳು ಮಾತ್ರ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನವನ್ನೂ ಸಿದ್ಧವಾಗಿಡಬೇಕು.

ಮಲೆನಾಡಿನ ಮಳೆ ಮತ್ತು ಸಿಡಿಲು ನಗರದ ಕೈಪಿಡಿಗಳಲ್ಲಿ ಬರುವುದಿಲ್ಲ. ಮುಂಗಾರಿಗೆ ಮುನ್ನಿನ ಗುಡುಗಿನ ದಿನಗಳಲ್ಲಿ ಸಂಜೆ ಕೇಂದ್ರ ಮುಚ್ಚುವಾಗ ವಿದ್ಯುತ್ ತಂತಿಯೊಂದಿಗೆ ಜಾಲದ ತಂತಿಯನ್ನೂ ಕಿತ್ತಿಡಬೇಕು. ತಾಮ್ರದ ದೂರವಾಣಿ ತಂತಿಯ ಮೂಲಕವೂ ಸಿಡಿಲು ಒಳಬರುತ್ತದೆ. ನೆಲಸಂಪರ್ಕದ ಗುಂಡಿ ಸರಿಯಾಗಿರಬೇಕು. ಆಷಾಢದಲ್ಲಿ ಯಂತ್ರವನ್ನು ಪ್ರತಿದಿನ ಸ್ವಲ್ಪ ಹೊತ್ತು ಚಾಲನೆಯಲ್ಲಿಟ್ಟರೆ ಅದರ ಕಾವಿಗೆ ತೇವ ಆರುತ್ತದೆ. ಬೀಗ ಹಾಕಿಟ್ಟ ಗಣಕಕ್ಕೆ ಬೂಷ್ಟು ಹಿಡಿಯುತ್ತದೆ.

ಸಂಪರ್ಕ ಕಡಿದಾಗಲೂ ಕೇಂದ್ರ ಮುಚ್ಚಬೇಕಾಗಿಲ್ಲ. ಕೀವಿಕ್ಸ್ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಒಂದು ಗಣಕದಲ್ಲಿ ಇರಿಸಿಕೊಂಡು, ಅಂತರಜಾಲವಿಲ್ಲದೆ ಓದಬಹುದು. ತಂತ್ರಾಂಶದ ಪರಿಷ್ಕರಣೆಗಳನ್ನು ಒಂದು ಯಂತ್ರ ಒಮ್ಮೆ ಇಳಿಸಿಕೊಂಡು ಉಳಿದವುಗಳಿಗೆ ಹಂಚುವ ಏರ್ಪಾಡೂ ಇದೆ. ಸಪೂರ ಸಂಪರ್ಕವಿರುವಲ್ಲಿ ಇದರಿಂದ ದೊಡ್ಡ ಉಳಿತಾಯ. ತುಮಕೂರಿನ ದೇವರಾಯನದುರ್ಗದ ಬೆಟ್ಟದ ಸುತ್ತ ಜನಸ್ತು ಎಂಬ ಸಂಸ್ಥೆಯು ಸಮುದಾಯದ ಒಡೆತನದ ನಿಸ್ತಂತು ಜಾಲವನ್ನು ಕಟ್ಟಿರುವುದನ್ನು ಆಸಕ್ತರು ಗಮನಿಸಬಹುದು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಡಿ ಸಣ್ಣ ಅಂಗಡಿಯವರೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈಫೈ ಒದಗಿಸಲು ಅವಕಾಶವಿದೆ.

ಕಾನೂನಿನ ಹೊಣೆಯನ್ನೂ ಮರೆಯುವಂತಿಲ್ಲ. 2011ರ ಸೈಬರ್ ಕೆಫೆ ನಿಯಮಗಳು ವ್ಯವಹಾರವಾಗಿ ಸಾರ್ವಜನಿಕರಿಗೆ ಅಂತರಜಾಲ ಒದಗಿಸುವವರಿಗೆ ಅನ್ವಯಿಸುತ್ತವೆ. ಬಳಕೆದಾರರ ಗುರುತನ್ನು ನೋಡಬೇಕು, ಬಂದುಹೋದ ಸಮಯದ ದಾಖಲೆಯನ್ನೂ ಭೇಟಿಯಿತ್ತ ತಾಣಗಳ ದಾಖಲೆಯನ್ನೂ ಕನಿಷ್ಠ ಒಂದು ವರ್ಷ ಕಾಯ್ದಿಡಬೇಕು ಎಂದು ಅವು ವಿಧಿಸುತ್ತವೆ. ಅತಿಥಿ ಪ್ರವೇಶದ ಅಳಿಸುವಿಕೆಗೂ ಈ ಕಾಯ್ದಿಡುವಿಕೆಗೂ ವಿರೋಧ ಕಂಡರೂ ಎರಡನ್ನೂ ಪಾಲಿಸಲು ಸಾಧ್ಯ: ಹೆಸರು ಮತ್ತು ವೇಳೆ ಪುಸ್ತಕದಲ್ಲಿ, ತಾಣಗಳ ವಿಳಾಸ ಜಾಲದ್ವಾರದ ಯಂತ್ರದಲ್ಲಿ, ಪಾಸ್‌ವರ್ಡ್ ಮತ್ತು ಖಾಸಗಿ ಕಡತಗಳು ಎಲ್ಲಿಯೂ ಇಲ್ಲ. ಯಾವುದು ದಾಖಲಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಬಂದವರಿಗೆ ಮೊದಲೇ ತಿಳಿಸುವುದು ಸೌಜನ್ಯವೂ ಹೌದು, ಕರ್ತವ್ಯವೂ ಹೌದು.

ಲಿನಕ್ಸ್‌ಗೂ ಮಿತಿಗಳಿವೆ. ಕೆಲವು ಬೆರಳಚ್ಚು ಯಂತ್ರಗಳ, ಡಿಜಿಟಲ್ ಸಹಿಯ ಸಾಧನಗಳ ತಂತ್ರಾಂಶವನ್ನು ತಯಾರಕರು ವಿಂಡೋಸ್‌ಗೆ ಅಥವಾ ಆಂಡ್ರಾಯ್ಡ್‌ಗೆ ಮಾತ್ರ ನೀಡಿರುತ್ತಾರೆ. ಮುದ್ರಕವನ್ನು ಕೊಳ್ಳುವ ಮುನ್ನ ಅದು ಲಿನಕ್ಸ್‌ನಲ್ಲಿ ನಡೆಯುವುದೇ ಎಂದು ವಿಚಾರಿಸಬೇಕು. ಆಧಾರ್ ಬೆರಳಚ್ಚಿನ ಕೆಲಸಗಳಿಗೆ ಗ್ರಾಮ ಒನ್ ಕೇಂದ್ರಗಳಿವೆ. ಆ ಕೆಲಸವನ್ನು ಸಾರ್ವಜನಿಕ ಗಣಕದ ತಲೆಗೆ ಕಟ್ಟುವುದು ಬೇಡ. ಓದು, ಹುಡುಕಾಟ, ಅರ್ಜಿ, ಪತ್ರ, ಕಲಿಕೆ ಇಷ್ಟನ್ನು ಅದು ನೆಟ್ಟಗೆ ಮಾಡಿದರೆ ಸಾಕು.

ಕೊನೆಗೆ ಕೀಲಿಯ ಮಾತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು; ಈಗ ಅರಿವು ಕೇಂದ್ರವೆಂಬ ಹೆಸರಿನ ಈ ಗ್ರಂಥಾಲಯಗಳಿಗಿಂತ ಯೋಗ್ಯವಾದ ಸ್ಥಳ ಹಳ್ಳಿಯಲ್ಲಿ ಬೇರೊಂದು ಸಿಗದು. ಅಲ್ಲಿ ಗಣಕದ ನಿರ್ವಾಹಕ ಪಾಸ್‌ವರ್ಡ್ ನಗರದ ಸ್ವಯಂಸೇವಕರ ನೆನಪಿನಲ್ಲಿ ಮಾತ್ರ ಇರಬಾರದು. ಊರಿನ ಕನಿಷ್ಠ ಮೂವರಿಗೆ ಅದು ತಿಳಿದಿರಬೇಕು. ಅವರಲ್ಲಿ ಒಬ್ಬರು ಮಹಿಳೆ, ಒಬ್ಬರು ವಿದ್ಯಾರ್ಥಿ ಆಗಿದ್ದರೆ ಒಳ್ಳೆಯದು. ಮೊಹರು ಹಾಕಿದ ಲಕೋಟೆಯಲ್ಲಿ ಅದರ ಪ್ರತಿಯೊಂದು ಗ್ರಂಥಾಲಯದ ಬೀರುವಿನಲ್ಲಿರಬೇಕು. ಮೊದಲ ಗಣಕದಲ್ಲಿ ತಂತ್ರಾಂಶ ಅಳವಡಿಸುವುದನ್ನು ಬಂದವರು ತೋರಿಸಲಿ. ಎರಡನೆಯದನ್ನು ಊರಿನವರು ಅವರೆದುರು ಮಾಡಲಿ. ಮೂರನೆಯದನ್ನು ಅವರಿಲ್ಲದಾಗ ಮಾಡಲಿ. ಯಾವ ದಿನ ಏನು ಕೆಟ್ಟಿತು, ಯಾರು ಹೇಗೆ ಸರಿಪಡಿಸಿದರು ಎಂಬುದನ್ನು ಕನ್ನಡದಲ್ಲಿ ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಎರಡು ವರ್ಷಗಳಲ್ಲಿ ಆ ನೋಟುಪುಸ್ತಕವೇ ಆ ಕೇಂದ್ರದ ಅತ್ಯಂತ ಬೆಲೆಬಾಳುವ ಆಸ್ತಿಯಾಗುತ್ತದೆ.

ಹಳ್ಳಿಯ ಕೆರೆಗೆ ವರ್ಷಕ್ಕೊಮ್ಮೆ ಹೂಳೆತ್ತುವ ಕಟ್ಟುಪಾಡು ಇದ್ದಷ್ಟು ಕಾಲ ನೀರಿತ್ತು. ಗಣಕಕ್ಕೂ ಅಂತಹ ಕಟ್ಟುಪಾಡು ಬೇಕು. ತಿಂಗಳಿಗೊಂದು ದಿನವನ್ನು ಪರಿಷ್ಕರಣೆಗೆ, ಶುಚಿಗೆ, ಪರಿಶೀಲನೆಗೆ ಮೀಸಲಿಡಬೇಕು. ನಗರದಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ಮುಂದಿನ ರಜೆಗೆ ಊರಿಗೆ ಹೊರಡುವಾಗ ಲಿನಕ್ಸ್ ಅಳವಡಿಸುವ ಒಂದು ಪೆನ್‌ಡ್ರೈವನ್ನು ಸಿದ್ಧಪಡಿಸಿ ಒಯ್ಯಲಿ. ಗ್ರಂಥಾಲಯದ ಮೂಲೆಯಲ್ಲಿ ಮುಸುಕು ಹೊದ್ದು ಕುಳಿತ ಗಣಕವೊಂದಿದ್ದರೆ, ಪಂಚಾಯಿತಿಯ ಒಪ್ಪಿಗೆ ಪಡೆದು, ಊರಿನ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಆರಂಭಿಸಲಿ. ಪಕ್ಕದಲ್ಲಿ ಆ ಇಬ್ಬರಿಲ್ಲದಿದ್ದರೆ, ಅವರು ಸಿಗುವವರೆಗೆ ಕಾಯುವುದೇ ಲೇಸು.